ಗೃಹಪಾಕವೂ ಕಾಯಕವೇ

(ಮಹೋತ್ಸವದ ಸಭೆಯಲ್ಲಿ ಮಾಡಿದ ಉಪನ್ಯಾಸ)



ಇಂತಹ ಮಹಾಸಭೆಯಲ್ಲಿ ತತ್ತ್ವವಿಚಾರವನ್ನು ಬಿಟ್ಟು ಅಡುಗೆಯ ವಿಚಾರವನ್ನು ಎತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಪಾಕವೂ ಒಂದು ಶಾಸ್ತ್ರವಷ್ಟೆ. ಕ್ರಿ. ಶ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ದಲ್ಲಿ ಪಾಕವಿಷಯಕ್ಕೂ ಸ್ಥಾನವುಂಟು. ಮೂರನೆಯ ಮಂಗರಸನಂತೂ ಶಾಕಾಹಾರದ ಅಡುಗೆಯನ್ನೇ ಕುರಿತು ‘ಸೂಪಶಾಸ್ತ್ರ’ವೆಂಬ ಗ್ರಂಥವನ್ನು ಬರೆದನು. ದಾಸೋಹವನ್ನು ನಂಬಿದ ನಮಗೆ ಒಲೆಯ ಮುಂದಿನ ಕೆಲಸವು ಕೀಳೆಂದು ತೋರಕೂಡದು.

ಬೆಂಗಳೂರಿನ ಹೊರವಲಯದ ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಈ ಪ್ರದೇಶಗಳಲ್ಲಿ ಹಿಂದೆ ರಾಗಿಯ ಹೊಲಗಳಿದ್ದುವು. ಇಂದು ಅಲ್ಲಿ ಕಾರ್ಖಾನೆಗಳೂ ಗಣಕಯಂತ್ರದ ಕಚೇರಿಗಳೂ ತುಂಬಿವೆ. ಮಠದ ಶಿಷ್ಯರು ಅನೇಕರು ಜೀವನಾರ್ಥವಾಗಿ ಅಲ್ಲಿ ನೆಲಸಿದ್ದಾರೆ. ಗಂಡನಿಗೆ ರಾತ್ರಿಯ ಪಾಳಿ, ಹೆಂಡತಿಗೆ ಉಡುಪಿನ ಕಾರ್ಖಾನೆಯಲ್ಲಿ ಹಗಲಿನ ದುಡಿಮೆ. ಮಕ್ಕಳಿಗೆ ಪೊಟ್ಟಣದ ತಿಂಡಿ. ಹಸಿವೇನೋ ಅಡಗುತ್ತದೆ, ಮೈಗೆ ಪುಷ್ಟಿಯುಂಟಾಗುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 65ರಷ್ಟು, ಸ್ತ್ರೀಯರ ಪೈಕಿ ನೂರಕ್ಕೆ 47ರಷ್ಟು ಮಂದಿಗೆ ರಕ್ತಹೀನತೆಯಿದೆ. ಇದು ಉದಾಸೀನ ಮಾಡತಕ್ಕ ಸಂಗತಿಯಲ್ಲ.

ಇದಕ್ಕೆ ಪರಿಹಾರದ ಬಹುಭಾಗವು ನಮ್ಮ ಹಿರಿಯರ ಅಡುಗೆಯಲ್ಲಿಯೇ ಇದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಕ್ಕು ಸುಣ್ಣದ ಅಂಶವುಂಟು. ಬಿಳಿಯ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ಧಾನ್ಯದಲ್ಲಿ ಕೊರತೆಯಾದ ಪುಷ್ಟಿಯ ಅಂಶವು ಬೇಳೆಕಾಳಿನಲ್ಲಿದೆ, ಕಾಳಿನಲ್ಲಿ ಕೊರತೆಯಾದುದು ಧಾನ್ಯದಲ್ಲಿದೆ. ಆದುದರಿಂದ ಮುದ್ದೆಗೆ ಹುರುಳಿಯ ಸಾರು, ಅನ್ನಕ್ಕೆ ತೊಗರಿಯ ಬೇಳೆ ಎಂಬ ಜೊತೆಯು ಯುಕ್ತವಾದುದು. ಸೊಪ್ಪು ಕಾಳುಗಳನ್ನು ಕೂಡಿಸಿ ಬೇಯಿಸಿ, ಬಸಿದ ಕಟ್ಟಿನಿಂದ ಸಾರನ್ನೂ ಉಳಿದುದರಿಂದ ಪಲ್ಯವನ್ನೂ ಮಾಡುವ ಬಸ್ಸಾರಿನಲ್ಲಿ ನೀರಿಗಿಳಿದ ಸಾರಾಂಶವೂ ವ್ಯರ್ಥವಾಗದು. ಸಂಕ್ರಾಂತಿಯ ಆಸುಪಾಸಿನಲ್ಲಿ ಅವರೆಯಿದೆ. ಉಳಿದ ಕಾಲದಲ್ಲಿ ಹೆಸರನ್ನೂ ಹುರುಳಿಯನ್ನೂ ರಾತ್ರಿ ನೆನೆಯಿಟ್ಟು, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬರಿಸಬಹುದು. ಮೊಳಕೆಯಿಂದ ಕಾಳಿನ ಕಬ್ಬಿಣದ ಅಂಶವು ದೇಹಕ್ಕೆ ಹೆಚ್ಚಾಗಿ ಹತ್ತುತ್ತದೆ. ನಿಂಬೆಯ ರಸವೂ ಇದಕ್ಕೆ ಸಹಾಯಕ. ಆದರೆ ಪಾತ್ರೆಯನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡತಕ್ಕದ್ದು, ಕುದಿಯಲ್ಲಿ ಅದರ ಗುಣವು ಕೆಡುವುದು. ಊಟದೊಡನೆ ಚಹವನ್ನು ಕುಡಿಯುವುದು ಇದಕ್ಕೆ ಪ್ರತಿಕೂಲ. ಉಪ್ಪು ದಿನಕ್ಕೆ ಒಬ್ಬರಿಗೆ 5 ಗ್ರಾಮಿಗಿಂತ ಕಡಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ವಿಧಿಸಿದೆ. ಉಪ್ಪಿನಕಾಯಿ ಹಪ್ಪಳಗಳ ಉಪ್ಪೂ ಆ ಲೆಕ್ಕದಲ್ಲಿಯೇ ಸೇರತಕ್ಕದ್ದು.

“ಇಷ್ಟಕ್ಕೆಲ್ಲ ಹೊತ್ತೆಲ್ಲಿದೆ?” ಎಂದು ತಾಯಂದಿರು ಕೇಳಿಯಾರು. ಅವರ ಪ್ರಶ್ನೆ ನ್ಯಾಯವಾದುದು. ಕಾರ್ಖಾನೆಯಲ್ಲಿ ದಿನವೆಲ್ಲ ದುಡಿದು ಬಂದವಳ ಮೇಲೆಯೇ ಅಡುಗೆಯ ಭಾರವನ್ನೂ ಹೊರಿಸಿ, ಆಹಾರಶುದ್ಧಿಯನ್ನು ಉಪದೇಶಿಸುವುದು ಧರ್ಮವಲ್ಲ. ಆದಕಾರಣ ನನ್ನ ಮಾತು ಮುಖ್ಯವಾಗಿ ಗಂಡಸರಿಗೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಸಭೆಯಲ್ಲಿ ತಲೆದೂಗಿ, ಮನೆಯಲ್ಲಿ ತಟ್ಟೆಯ ಮುಂದೆ ಕಾದು ಕುಳಿತರೆ ಆ ತಲೆದೂಗಿದುದಕ್ಕೆ ಬೆಲೆಯೇನು? ನಮ್ಮ ದಾಸೋಹದ ಮನೆಯಲ್ಲಿ ನೂರಾರು ಜನಕ್ಕೆ ಮುದ್ದೆ ತಿರುವುವ ಕೈಗಳು ಗಂಡಸರವೇ ಅಲ್ಲವೆ? ಮಠದಲ್ಲಿ ಸೇವೆಯೆನಿಸಿದ ಕೆಲಸವು ಮನೆಯಲ್ಲಿ ಅವಮಾನವಾಗುವುದು ಹೇಗೆ? ರಾತ್ರಿಯ ಪಾಳಿಯವನು ಹೊರಡುವ ಮುನ್ನ ಕಾಳನ್ನು ನೆನೆಯಿಡಲಿ; ಹಗಲಿನ ಪಾಳಿಯವನು ಸೊಪ್ಪನ್ನು ಸೋಸಲಿ; ಮಕ್ಕಳು, ಗಂಡಾಗಲಿ ಹೆಣ್ಣಾಗಲಿ, ಅಕ್ಕಿ ಬೇಳೆಗಳನ್ನು ಅಳೆದು ತೊಳೆಯಲು ಕಲಿಯಲಿ. ಪ್ರತಿದಿನವೂ ಅಸಾಧ್ಯವೆಂಬುವರು ವಾರಕ್ಕೆ ಮೂರು ದಿನದಿಂದ ಪ್ರಾರಂಭಿಸಲಿ.

ಮಠಕ್ಕೆ ಅಕ್ಕಿ ಬೇಳೆಗಳನ್ನು ಭಕ್ತಿಯಿಂದ ತಂದೊಪ್ಪಿಸುವ ನೀವು, ನಿಮ್ಮ ಮನೆಯ ಮಕ್ಕಳ ತಟ್ಟೆಯನ್ನೂ ಅಷ್ಟೇ ಶ್ರದ್ಧೆಯಿಂದ ನೋಡಿಕೊಳ್ಳಬೇಕೆಂದು ವಿಜ್ಞಾಪಿಸಿ, ಈ ಅಲ್ಪೋಕ್ತಿಯನ್ನು ಮುಗಿಸುತ್ತೇನೆ.