ಕರುಳಿನ ತಯಾರಿ ಮತ್ತು ಅಳೆಯದ ಭಯ



ಕೊಲೊನೋಸ್ಕೋಪಿಗೆ ಮುನ್ನ ಕರುಳನ್ನು ಸ್ವಚ್ಛಗೊಳಿಸುವ ಬಗ್ಗೆ ಎರಡು ದಿನ ಮಾತಾಡಲು ಸೇರಿದ್ದೇವೆ. ಔಷಧದ ಬಗ್ಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. 1980ರಲ್ಲಿ ಡೇವಿಸ್, ಫೋರ್ಡ್‌ಟ್ರಾನ್ ಮತ್ತು ಸಂಗಡಿಗರು ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಕೊಟ್ಟರು. 2009ರಲ್ಲಿ ಬಾಸ್ಟನ್ ಮಾಪಕ ಬಂತು: ದೊಡ್ಡ ಕರುಳಿನ ಮೂರು ಭಾಗಗಳಿಗೆ ಸೊನ್ನೆಯಿಂದ ಮೂರರವರೆಗೆ ಅಂಕ. ದ್ರಾವಣದ ಅರ್ಧವನ್ನು ಹಿಂದಿನ ಸಂಜೆ, ಉಳಿದರ್ಧವನ್ನು ಪರೀಕ್ಷೆಯ ದಿನ ಬೆಳಗಿನ ಜಾವ ಕುಡಿಸಿದರೆ ಒಳ್ಳೆಯದೆಂದು ಮುಂದಿನ ಸಾಲಿನಲ್ಲಿರುವ ನನ್ನ ಸ್ನೇಹಿತರು ಎಷ್ಟು ಸಭೆಗಳಲ್ಲಿ ಹೇಳಿದ್ದಾರೋ! ಸಕ್ಕರೆ ಕಾಯಿಲೆ, ಮಲಬದ್ಧತೆಗಳ ವಿಚಾರವನ್ನು ಮಧ್ಯಾಹ್ನದ ಗೋಷ್ಠಿ ನೋಡಿಕೊಳ್ಳುತ್ತದೆ.

ನನ್ನ ಹಳೆಯ ತಕರಾರು ಬೇರೆ. ದ್ರಾವಣವನ್ನು ಅಳೆದೆವು, ಕರುಳನ್ನು ಅಳೆದೆವು, ಕುಡಿಯುವವರ ಭಯವನ್ನು ಮಾತ್ರ ಕೇಸ್ ಶೀಟಿನ ಹೊರಗಿಟ್ಟೆವು. ಅಂಕ ಕಡಿಮೆ ಬಂದರೆ 'ರೋಗಿ ಸಹಕರಿಸಲಿಲ್ಲ' ಎಂದು ಬರೆದು ಕೈತೊಳೆದುಕೊಂಡೆವು.

ಹಿಂದಿನವರು ಹೀಗಿರಲಿಲ್ಲ. ಕಳೆದ ಶತಮಾನದ ನಡುಭಾಗದಲ್ಲಿ ಅಮೆರಿಕದ ಥಾಮಸ್ ಆಲ್ಮಿ, ವೈದ್ಯ ವಿದ್ಯಾರ್ಥಿಯೊಬ್ಬನಿಗೆ ಸಿಗ್ಮಾಯಿಡೋಸ್ಕೋಪಿ ಮಾಡುತ್ತಿರುವಾಗ, ಕ್ಯಾನ್ಸರ್ ಕಂಡಿತೆಂದು ಸುಳ್ಳೇ ನಂಬಿಸಿದರು. ಕಣ್ಣೆದುರಿಗೇ ಕರುಳಿನ ಒಳಪದರ ಕೆಂಪೇರಿತು, ಕರುಳು ಹಿಂಡಿಕೊಂಡಿತು. ನಾಟಕವೆಂದು ತಿಳಿಸಿದ ಮೇಲೆ ಸಡಿಲವಾಯಿತು. ಇಂದು ಇಂಥ ಪ್ರಯೋಗಕ್ಕೆ ಅನುಮತಿ ಕೇಳಿದರೆ ಎಥಿಕ್ಸ್ ಕಮಿಟಿಯವರ ಮುಖ ಕೆಂಪೇರುತ್ತದೆ, ಅದು ಬೇರೆ ಮಾತು.

ಮುಂದೆ 1981ರಲ್ಲಿ ವೈಲಿ ವೇಲ್ ತಂಡ ಸಿಆರ್‌ಎಫ್ ಎಂಬ ಒತ್ತಡದ ಹಾರ್ಮೋನನ್ನು ಗುರುತಿಸಿತು. ಅದು ಜಠರ ಖಾಲಿಯಾಗುವುದನ್ನು ತಡೆಯುತ್ತದೆ, ದೊಡ್ಡ ಕರುಳಿಗೆ ಮಾತ್ರ ವೇಗ ಕೊಡುತ್ತದೆ. ನನ್ನನ್ನು ಕಾಡುವ ಪ್ರಶ್ನೆ ಇಲ್ಲೇ ಇದೆ. ಹೆದರಿದವರ ಕರುಳು ಬೇಗ ಸ್ವಚ್ಛವಾಗಬೇಕೋ, ತಡವಾಗಿಯೋ? ವೈವಾ ದಿನ ಬೆಳಗ್ಗೆ ಹೊಟ್ಟೆ ಕೆಡದವರು ಇಲ್ಲಿ ಯಾರಿದ್ದೀರಿ? ಆ ಲೆಕ್ಕದಲ್ಲಿ ಭಯವೇ ನಮಗೆ ಸಹಾಯಕ. ಆದರೆ ಎರಡು ಲೀಟರ್ ದ್ರಾವಣ ಮೊದಲು ಜಠರ ದಾಟಬೇಕಲ್ಲ? ಅಲ್ಲೇ ನಿಂತರೆ ಹೊಟ್ಟೆಯುಬ್ಬರ, ವಾಕರಿಕೆ. ಮುಂದಿನ ಲೋಟ ಬಾಯಿಗೆ ಸೇರುವುದಿಲ್ಲ. ಇವೆರಡರಲ್ಲಿ ಯಾವುದು ಯಾವಾಗ ಗೆಲ್ಲುತ್ತದೆ? ಇನ್ನೊಂದು ತೊಡಕೂ ಇದೆ. ಬೆಳಗ್ಗೆ ಆತಂಕದ ಪ್ರಶ್ನಾವಳಿ ಕೈಗಿತ್ತರೆ ನಾವು ಅಳೆಯುವುದು ಕ್ಯಾನ್ಸರ್ ಭಯವನ್ನೋ, ರಾತ್ರಿಯಿಡೀ ಎದ್ದು ಓಡಾಡಿದ ಸುಸ್ತನ್ನೋ? ಮನೋವೈದ್ಯ ವಿಭಾಗದ ಮೇಡಂ ನಗುತ್ತಿದ್ದಾರೆ; ಅವರ ಸರದಿ ನಾಳೆ.

ಪ್ರಶ್ನಾವಳಿಗೆ ಸಿಗದ ಚಿಂತೆಯೂ ಇದೆ. ಸಕಲೇಶಪುರದ ಕಡೆಯ ಒಬ್ಬ ತಾಯಿ ಪೆಗ್ಲೆಕ್ ಎಂಬ ಇದೇ ದ್ರಾವಣದ ಪೊಟ್ಟಣ ಹಿಡಿದು ಬೆಂಗಳೂರಿನ ಮಗಳ ಮನೆಯಲ್ಲಿ ಉಳಿದಿದ್ದರು. ಮನೆಗೆಲ್ಲ ಒಂದೇ ಟಾಯ್ಲೆಟ್, ಅದರ ಬಾಗಿಲು ಹಾಲಿಗೆ. ಹಾಲಿನಲ್ಲಿ ಅಳಿಯನ ಹಾಸಿಗೆ. "ಅಳಿಯಂದ್ರ ತಲೆ ಪಕ್ಕದಲ್ಲೇ ಎಷ್ಟು ಸಲ ಎದ್ದು ಹೋಗ್ಲಿ ಡಾಕ್ಟ್ರೇ?" ಎಂದರು. ಮೂರು ಲೋಟಕ್ಕೆ ನಿಲ್ಲಿಸಿ, ಮಿಕ್ಕದ್ದನ್ನು ಸದ್ದಾಗದಂತೆ ಬಚ್ಚಲಿಗೆ ಸುರಿದಿದ್ದರು. ಬಲಭಾಗದ ಅಂಕ ಒಂದು. ಫೈಲಿನಲ್ಲಿ ಅದೇ ಹಳೆಯ ಸಾಲು. ಅವರಿಗೆ ಸೂಚನೆ ಅರ್ಥವಾಗಿತ್ತು, ಪರೀಕ್ಷೆಯ ಭಯವೂ ಅಷ್ಟಿರಲಿಲ್ಲ. ಯಾವ ಮಾಪಕದಲ್ಲಿ ಈ ಸಂಕೋಚವನ್ನು ಬರೆಯೋಣ? ಹೊರಗಿನ ಸ್ಟಾಲಿನಲ್ಲಿರುವ ನಿಂಬೆ ಸ್ವಾದದ ಪೊಟ್ಟಣಗಳು ಇವರಿಗೆ ಏನು ಮಾಡಬಲ್ಲವು?

ಸಂಘಟಕರಲ್ಲಿ ಒಂದು ವಿನಂತಿ. ನಾಳೆ ಸಂಜೆ ಒಪ್ಪಬೇಕಾದ ಶಿಫಾರಸಿನ ಕರಡಿನಲ್ಲಿ, ಡೋಸಿನ ಸಾಲಿಗಿಂತ ಮೇಲೆ ಎರಡು ಪ್ರಶ್ನೆ ಸೇರಿಸಿ: ಹಿಂದಿನ ರಾತ್ರಿ ಎಲ್ಲಿ ಉಳಿಯುತ್ತೀರಿ? ಇದರಲ್ಲಿ ನಿಮಗೆ ಯಾವುದರ ಚಿಂತೆ? ಉತ್ತರ ಬರೆದುಕೊಳ್ಳಲು ಜಾಗವನ್ನೂ ಬಿಡಿ.