ಹವಾಗುಣದ ಸಭೆಯಲ್ಲಿ ಮಾತಿನ ತೂಕ

ವ್ಯಾಕರಣದ ಪಾಠ ನಡೆಯುತ್ತಿದ್ದಾಗ ನಮ್ಮ ಜಾವಗಲ್ಲಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ವಿಧ್ಯರ್ಥ, ಸಂಭಾವನಾರ್ಥ ಇವೆಲ್ಲ ಪರೀಕ್ಷೆ ಮುಗಿದ ಮೇಲೆ ಯಾವ ಕೆಲಸಕ್ಕೆ ಬರುತ್ತವೆ?” ಎಂದು ಕೇಳಿದ. ಸಾಲಪತ್ರದಲ್ಲಿ ‘ಕೊಡತಕ್ಕದ್ದು’ ಎಂದು ಬರೆಯುವುದಕ್ಕೂ ‘ಕೊಟ್ಟಾನು’ ಎಂದು ಬರೆಯುವುದಕ್ಕೂ ಇರುವ ಅಂತರವನ್ನು ನಿಮ್ಮ ತಂದೆಯವರಲ್ಲಿ ಕೇಳು ಎಂದೆ. ತರಗತಿಯೆಲ್ಲ ನಕ್ಕಿತು. ಆದರೆ ಆ ಉತ್ತರ ಸಾಲದೆಂದು ನನಗೇ ತೋರಿತು. ಲೋಕದ ಹವಾಗುಣವನ್ನು ಕುರಿತು ರಾಷ್ಟ್ರಗಳು ನಡೆಸುವ ಸಭೆಗಳಿಗೆ ಹೋಗಿಬಂದ ವಿಜ್ಞಾನಿಗಳ ಅನುಭವಗಳನ್ನು ಓದಿದ ಮೇಲೆ ನನಗೆ ತಕ್ಕ ಉತ್ತರ ದೊರೆಯಿತು. ಅದನ್ನೇ ಈ ಹೊತ್ತು ತಮ್ಮ ಮುಂದೆ ಇಡುತ್ತೇನೆ.

ಮೊದಲು, ನಮ್ಮ ಬೆಂಗಳೂರಿನ ನಂಟುಳ್ಳ ಒಬ್ಬರ ವಿಷಯ. ವೀರಭದ್ರನ್ ರಾಮನಾಥನ್ ಅವರು ಹನ್ನೊಂದರ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದರು. ತಮಿಳಿನಲ್ಲಿ ಕಲಿತಿದ್ದ ಹುಡುಗನಿಗೆ ಇಲ್ಲಿನ ಇಂಗ್ಲಿಷ್ ಪಾಠ ತಿಳಿಯದೆ ತರಗತಿಯ ಮುಂಚೂಣಿಯಿಂದ ಹಿಂದಕ್ಕೆ ಜಾರಬೇಕಾಯಿತು. ಎಲ್ಲವನ್ನೂ ತಾನೇ ಯೋಚಿಸಿ ತಿಳಿಯುವ ಅಭ್ಯಾಸ ಅಲ್ಲಿಂದಲೇ ಬಂದಿತೆಂದು ಅವರು ಹೇಳಿಕೊಂಡಿದ್ದಾರೆ. ಮುಂದೆ ಸಿಕಂದರಾಬಾದಿನ ರೆಫ್ರಿಜರೇಟರ್ ಕಾರ್ಖಾನೆಯೊಂದರಲ್ಲಿ, ತಂಪುಗೊಳಿಸುವ ಅನಿಲ ಸೋರುವುದೇಕೆಂದು ಕಂಡುಹಿಡಿಯುವುದು ಅವರ ಉದ್ಯೋಗವಾಗಿತ್ತು. ಆಮೇಲೆ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ಕಂಡ ಸತ್ಯ ಇದು: ಅದೇ ಜಾತಿಯ ಅನಿಲದ ಒಂದು ಅಣು, ಇಂಗಾಲಾಮ್ಲದ ಒಂದು ಅಣುವಿಗಿಂತ ಸುಮಾರು 10,000 ಪಟ್ಟು ಹೆಚ್ಚಾಗಿ ಭೂಮಿಯ ಶಾಖವನ್ನು ಹಿಡಿದಿಡಬಲ್ಲುದು.

ಇಂಥ ವಿದ್ವಾಂಸರಿಗೆ 2014ರಲ್ಲಿ ವ್ಯಾಟಿಕನ್ನಿನ ವಾಹನ ನಿಲ್ದಾಣದ ಅಂಗಳದಲ್ಲಿ ಪೋಪ್ ಫ್ರಾನ್ಸಿಸ್ ಅವರೊಡನೆ ಮಾತನಾಡುವ ಅವಕಾಶ ಒದಗಿತು. ಹೇಳುವುದನ್ನು ಒಂದೆರಡು ವಾಕ್ಯಗಳಲ್ಲಿ ಮುಗಿಸಬೇಕಾಗಿತ್ತು. ಹವೆಯನ್ನು ಕೆಡಿಸುವವರು ಬಹುಮಟ್ಟಿಗೆ ಲೋಕದ ನೂರು ಕೋಟಿ ಸಿರಿವಂತರು, ಅದರ ಕಷ್ಟವನ್ನು ಉಣ್ಣುವವರು ಮುನ್ನೂರು ಕೋಟಿ ಬಡವರು ಎಂದು ಅವರು ತಿಳಿಸಿದರು. ನಲವತ್ತು ವರ್ಷಗಳ ಗಣಿತವನ್ನು ಎರಡು ವಾಕ್ಯಗಳಲ್ಲಿ ಅಡಕ ಮಾಡುವುದು ಸುಲಭವಲ್ಲ. ಮರುವರ್ಷ ಪ್ಯಾರಿಸ್ಸಿನ ಸಭೆಗೆ ಹೋದ ವ್ಯಾಟಿಕನ್ನಿನ ನಿಯೋಗದಲ್ಲಿ ಅವರೂ ಇದ್ದರು.

ಪ್ರಯೋಗಶಾಲೆಯಿಂದ ಇಂಥ ಸಭೆಗೆ ಕಾಲಿಟ್ಟ ವಿಜ್ಞಾನಿಗೆ ಮೊದಲು ಎದುರಾಗುವುದು ಪದಗಳ ಜಗಳ. ಹವಾಗುಣವನ್ನು ಕುರಿತ ರಾಷ್ಟ್ರಾಂತರ ವಿಜ್ಞಾನ ಮಂಡಲಿಯು 1995ರ ನವೆಂಬರಿನಲ್ಲಿ ಮ್ಯಾಡ್ರಿಡ್‌ನಲ್ಲಿ ಕೂಡಿತ್ತು. ಅಲ್ಲಿ ವರದಿಯ ಸಾರಾಂಶವನ್ನು ಸರ್ಕಾರಗಳ ಪ್ರತಿನಿಧಿಗಳು ಸಾಲು ಸಾಲಾಗಿ ಒಪ್ಪಬೇಕು. ಹವಾಗುಣದ ಮೇಲೆ ಮನುಷ್ಯನ ಪ್ರಭಾವವಿದೆ ಎಂಬ ವಾಕ್ಯಕ್ಕೆ ಎಂಥ ವಿಶೇಷಣ ಹಾಕಬೇಕೆಂದು ದೀರ್ಘವಾದ ವಾದ ನಡೆಯಿತು. ಎಣ್ಣೆ ಮಾರುವ ಸೌದಿ ಅರೇಬಿಯ, ಕುವೈತ್ ರಾಷ್ಟ್ರಗಳು ಅಡ್ಡಿ ಹೇಳಿದವು. ‘ಗಣನೀಯ’ ಎಂಬ ಅರ್ಥದ ಪದ ಬಿದ್ದುಹೋಗಿ, ಅಧ್ಯಕ್ಷರಾಗಿದ್ದ ಸ್ವೀಡನ್ನಿನ ಬರ್ಟ್ ಬೋಲಿನ್ ಸೂಚಿಸಿದ ‘ಗುರುತಿಸಬಹುದಾದ’ ಎಂಬ ಅರ್ಥದ ಪದ ನಿಂತಿತು. ಆ ಅಧ್ಯಾಯದ ಮುಖ್ಯ ಲೇಖಕ ಬೆನ್ ಸ್ಯಾಂಟರ್ ಅದಕ್ಕಾಗಿ ಮುಂದೆ ಪತ್ರಿಕೆಗಳಲ್ಲಿ ಕಟು ನಿಂದೆಯನ್ನು ಉಣ್ಣಬೇಕಾಯಿತು. ಆ ಒಂದು ವಾಕ್ಯ ತಮ್ಮ ಬಾಳನ್ನೇ ಬದಲಿಸಿತೆಂದು ಅವರು ನೆನೆದಿದ್ದಾರೆ.

ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತೇವೆ. ಅಲ್ಲಿ ಮಾತು ಬಲ್ಲವರೇ ಜಗಳಕ್ಕೆ ನಿಲ್ಲುತ್ತಾರೆ! ಕರಡಿನಲ್ಲಿ ಇತ್ಯರ್ಥವಾಗದ ಪ್ರತಿಯೊಂದು ಪದವನ್ನೂ ಚೌಕಾಕಾರದ ಆವರಣ ಚಿಹ್ನೆಯೊಳಗೆ ಕೂರಿಸಿರುತ್ತಾರೆ. 2015ರ ಡಿಸೆಂಬರ್ 12ರಂದು ಪ್ಯಾರಿಸ್ಸಿನಲ್ಲಿ ಒಪ್ಪಂದ ಸಿದ್ಧವಾಗಿ ಎಲ್ಲರೂ ಕಾದಿದ್ದರು. ಮುಂದುವರಿದ ರಾಷ್ಟ್ರಗಳು ಹೊಗೆಯನ್ನು ತಗ್ಗಿಸುವುದರಲ್ಲಿ ಮುಂದಾಗ‘ತಕ್ಕದ್ದು’ ಎಂದು ಒಂದು ಕಡೆ ಇತ್ತು. ಹಾಗಿದ್ದರೆ ತಮ್ಮ ಸೆನೆಟ್ಟಿನ ಒಪ್ಪಿಗೆ ಬೇಕಾಗುತ್ತದೆ ಎಂದು ಅಮೆರಿಕದವರು ಹಿಡಿದು ನಿಂತರು. ಕಡೆಗೆ ಅಚ್ಚಿನ ತಪ್ಪುಗಳ ತಿದ್ದುಪಡಿಯ ಜೊತೆಯಲ್ಲಿ ಅದನ್ನೂ ಓದಿ, ‘ಮುಂದಾಗುವುದು ಉಚಿತ’ ಎಂಬರ್ಥಕ್ಕೆ ಇಳಿಸಿದರು. ಸಭಾಧ್ಯಕ್ಷರ ಸುತ್ತಿಗೆ ಬಿದ್ದಿತು. ನನ್ನ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಕ್ಕೀತು?

ನಮ್ಮ ದೇಶವೂ ಪದ ತಿದ್ದಿಸಿದ್ದುಂಟು. 2021ರಲ್ಲಿ ಗ್ಲಾಸ್ಗೋದಲ್ಲಿ ಕಲ್ಲಿದ್ದಲನ್ನು ‘ತೊಡೆದುಹಾಕುವ’ ಬದಲು ‘ತಗ್ಗಿಸುವ’ ಎಂದಾಗಬೇಕೆಂದು ಭಾರತ ಕೇಳಿತು. ಬಡತನವನ್ನು ನೀಗಬೇಕಾದ ದೇಶಗಳಿಂದ ಅಂಥ ಮಾತು ಪಡೆಯುವುದು ನ್ಯಾಯವಲ್ಲ ಎಂಬುದು ನಮ್ಮವರ ವಾದ. ಅಧ್ಯಕ್ಷ ಅಲೋಕ್ ಶರ್ಮಾ ಅವರು ಕ್ಷಮೆ ಕೇಳುವಾಗ ಅವರ ಗಂಟಲು ಕಟ್ಟಿತು. ಎರಡು ಕಡೆಯೂ ನೋವಿತ್ತು.

ಇದೆಲ್ಲ ಬರಿಯ ಮಾತಿನ ಆಟವೆಂದು ಬೇಸತ್ತು ಎದ್ದುಬರಬಹುದಾಗಿತ್ತು. ಬಾಂಗ್ಲಾದೇಶದ ಸಲೀಮುಲ್ ಹಕ್ ಹಾಗೆ ಮಾಡಲಿಲ್ಲ. ಈ ವಿಜ್ಞಾನಿ 1995ರ ಬರ್ಲಿನ್ ಸಭೆಯಿಂದ 2022ರ ಈಜಿಪ್ಟಿನ ಸಭೆಯವರೆಗೆ ಇಪ್ಪತ್ತೇಳಕ್ಕೆ ಇಪ್ಪತ್ತೇಳರಲ್ಲೂ ಇದ್ದರು. ಹವೆಯ ವೈಪರೀತ್ಯದಿಂದ ನೊಂದ ಬಡದೇಶಗಳಿಗೆ ನಷ್ಟ ತುಂಬಿಕೊಡಬೇಕೆಂಬುದು ಅವರ ಬಹುಕಾಲದ ಹಟ. ಗ್ಲಾಸ್ಗೋದಲ್ಲಿ ನಿಧಿಯನ್ನು ಕೇಳಿದವರಿಗೆ ‘ಸಂವಾದ’ ಎಂಬ ಪದ ಮಾತ್ರ ದೊರೆಯಿತು. ಮರುವರ್ಷ ‘ನಿಧಿ’ ಎಂಬ ಪದವೇ ಬಂದಿತು. 2023ರಲ್ಲಿ ಅವರು ತೀರಿಕೊಂಡರು. ನಿಧಿಯೆಂಬ ಪದ ಹಣವಾಗಿ ತುಂಬುವುದು ಬೇರೆಯೇ ಕೆಲಸ. ಆದರೆ ಪದವಿಲ್ಲದೆ ಹಣವನ್ನು ಕೇಳುವುದಕ್ಕೂ ಬಾಯಿಲ್ಲ.

ಈ ಮಾತುಗಳಿಗೂ ನಮಗೂ ಏನು ಸಂಬಂಧ ಎಂದೀರಿ. ಜಾವಗಲ್ಲಿನಿಂದ ಹಳೇಬೀಡು ದಾಟಿ ಬೇಲೂರಿನತ್ತ ಹೋದರೆ ಮಲೆನಾಡಿನ ಸೆರಗು. ಅರಸೀಕೆರೆಯತ್ತ ತಿರುಗಿದರೆ ಬಯಲುಸೀಮೆಯ ರಾಗಿ, ತೆಂಗು. ರಾಗಿಗೆ ಮಳೆ ತಪ್ಪಿದರೆ ಒಂದು ವರ್ಷದ ಅನ್ನ ಹೋಯಿತು. ತೆಂಗು ಹಾಗಲ್ಲ, ಇಂದು ನೆಟ್ಟ ಸಸಿ ಆ ಹುಡುಗನ ಮಗನ ಕಾಲಕ್ಕೂ ಕಾಯಿ ಕೊಡಬೇಕು. ಅಷ್ಟು ವರ್ಷಗಳ ಬಿಸಿಲು ಮಳೆಯ ಲೆಕ್ಕದಲ್ಲಿ ಆ ದೂರದ ‘ತಕ್ಕದ್ದು’ಗಳ ಪಾಲೂ ಇದೆ.

ಇದನ್ನೆಲ್ಲ ತರಗತಿಯಲ್ಲಿ ಹೇಳಿದಾಗ ಅದೇ ಹುಡುಗ, “ಆ ಸಭೆಯಲ್ಲಿ ನಮ್ಮ ಪರವಾಗಿ ಯಾರು ಕೂತಿದ್ದರು ಸಾರ್?” ಎಂದ. ನಮ್ಮ ಮತದಿಂದ ಆದ ಸರ್ಕಾರದ ಪ್ರತಿನಿಧಿಗಳು ಎಂದೆ. ಹಾಗಾದರೆ ಅವರು ಯಾವ ಪದಕ್ಕೆ ರುಜು ಹಾಕಿ ಬಂದರೆಂದು ವಿಚಾರಿಸುವ ಹೊಣೆ ನಮ್ಮದಲ್ಲವೇ? ಮುಂದಿನ ಸಲ ರೇಡಿಯೋದಲ್ಲಿ ಇಂಥ ಸಭೆಯ ವಾರ್ತೆ ಬಂದಾಗ, ದಯವಿಟ್ಟು ಕ್ರಿಯಾಪದವನ್ನು ಗಮನಿಸಿ ಕೇಳಿ.