ಅನಿಲದ ಸೋರಿಕೆಗೆ ಬಾವಿ ನೀರಿನ ಸಾಕ್ಷ್ಯ



ಕೆನಡಾದ ಸಸ್ಕಾಚುವಾನ್ ಪ್ರಾಂತ್ಯದ ವೇಬರ್ನ್ ತೈಲಕ್ಷೇತ್ರದಲ್ಲಿ 2000ನೇ ಇಸವಿಯಲ್ಲಿ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಸುಮಾರು 1,450 ಮೀಟರ್ ಆಳದ ಬಂಡೆಗೆ ತುಂಬಲು ಆರಂಭಿಸಿದರು. ಇದರಿಂದ ಉಳಿದ ಎಣ್ಣೆ ಮೇಲೆ ಬರುತ್ತದೆ, ಅನಿಲವೂ ವಾಯುಮಂಡಲ ಸೇರದೆ ನೆಲದಲ್ಲೇ ಉಳಿಯುತ್ತದೆ. ಆದರೆ 2011ರಲ್ಲಿ ಅಲ್ಲಿನ ಒಂದು ರೈತ ಕುಟುಂಬವು ತಮ್ಮ ಜಮೀನಿನಲ್ಲಿ ಅನಿಲ ಸೋರುತ್ತಿದೆ, ಹೊಂಡದಲ್ಲಿ ಗುಳ್ಳೆ ಏಳುತ್ತಿವೆ ಎಂದು ದೂರಿತು. ಇದು ನಿಜವೇ ಎಂದು ತಿಳಿಯುವುದು ಹೇಗೆ?

ಈ ಅನಿಲ ನೀರಿನಲ್ಲಿ ಕರಗಿದರೆ ಸೋಡಾದಂತೆ ನೀರು ಹುಳಿಯಾಗುತ್ತದೆ. ಹುಳಿ ನೀರು ಮಣ್ಣಿನ ಖನಿಜಗಳನ್ನು ಕರಗಿಸುತ್ತದೆ. ಅಮೆರಿಕದ ಮೊಂಟಾನಾ ರಾಜ್ಯದ ಬೋಜ್‌ಮನ್‌ನಲ್ಲಿ ವಿಶ್ವವಿದ್ಯಾನಿಲಯದ ಕೃಷಿಭೂಮಿಯೊಂದರಲ್ಲಿ 2008ರಲ್ಲಿ ಇದನ್ನು ಬೇಕೆಂದೇ ಮಾಡಿ ನೋಡಿದರು. ಸುಮಾರು ಎರಡು ಮೀಟರ್ ಆಳದಲ್ಲಿ ದಿನಕ್ಕೆ 300 ಕಿಲೋ ಅನಿಲವನ್ನು ಒಂದು ತಿಂಗಳ ಕಾಲ ಬಿಡಲಾಯಿತು. ಪಕ್ಕದ ಪರೀಕ್ಷಾ ಬಾವಿಗಳಲ್ಲಿ ನೀರಿನ ರಸಸಾರ 7ರಿಂದ 5.6ರವರೆಗೂ ಇಳಿಯಿತು. ಬೈಕಾರ್ಬೊನೇಟ್ ಲೀಟರಿಗೆ 400 ಮಿಲಿಗ್ರಾಂನಿಂದ 1,330ಕ್ಕೆ ಏರಿತು. ವಿದ್ಯುತ್ ವಾಹಕತೆ ಮೂರು ಪಟ್ಟಾಯಿತು. ಸುಣ್ಣ, ಕಬ್ಬಿಣ, ಮ್ಯಾಂಗನೀಸ್ ಅಂಶಗಳೂ ಹೆಚ್ಚಿದವು. ಸೀಸದಂತಹ ವಿಷಲೋಹಗಳು ಮಾತ್ರ ಕುಡಿಯುವ ನೀರಿನ ಮಿತಿಯೊಳಗೇ ಇದ್ದವು.

ಆದರೂ ರಸಸಾರವೊಂದೇ ಸಾಕ್ಷ್ಯವಾಗದು. ಬೇರುಗಳೂ ಸೂಕ್ಷ್ಮಜೀವಿಗಳೂ ಉಸಿರಾಡಿ ಇದೇ ಅನಿಲವನ್ನು ಬಿಡುತ್ತವೆ. ವೇಬರ್ನ್‌ನ ತೊಡಕು ಇನ್ನೂ ಸೂಕ್ಷ್ಮ. ಅಲ್ಲಿಗೆ ಅನಿಲ ಬಂದದ್ದು ಲಿಗ್ನೈಟ್ ಕಲ್ಲಿದ್ದಲಿನಿಂದ. ಲಿಗ್ನೈಟ್ ಎಂದರೆ ಪುರಾತನ ಗಿಡಮರಗಳೇ ತಾನೆ! ಆದ್ದರಿಂದ ಅದರ ಇಂಗಾಲದ ಗುರುತು ಮಣ್ಣಿನ ಅನಿಲದ ಗುರುತನ್ನೇ ಹೋಲುತ್ತಿತ್ತು. ದೂರಿಗೆ ಬಲ ಬಂದದ್ದೂ ಈ ಹೋಲಿಕೆಯಿಂದಲೇ.

ಆಗ ಎರಡು ಬೇರೆ ಪರೀಕ್ಷೆಗಳು ನೆರವಾದವು. ಬೇರು ಉಸಿರಾಡಿದಾಗ ಮಣ್ಣಿನ ಆಮ್ಲಜನಕ ಖರ್ಚಾಗುತ್ತದೆ. ಆಳದಿಂದ ಸೋರಿದ ಅನಿಲಕ್ಕೆ ಆ ಖರ್ಚಿಲ್ಲ. ಆ ಜಮೀನಿನಲ್ಲಿ ಅನಿಲ ಹೆಚ್ಚಿದಂತೆ ಆಮ್ಲಜನಕ ಕುಗ್ಗಿತ್ತು. ಇನ್ನೊಂದು ಬಾವಿ ನೀರಿನ ಪರೀಕ್ಷೆ. ಆಳದ ಅನಿಲವು ಹೀಲಿಯಂ ಮೊದಲಾದ ಜಡಾನಿಲಗಳನ್ನು ತನ್ನೊಡನೆ ತರುತ್ತದೆ. 2017ರಲ್ಲಿ ಪ್ರಕಟವಾದ ಅಧ್ಯಯನದಂತೆ ಅಲ್ಲಿನ ಬಾವಿಗಳಲ್ಲಿ ಆ ಗುರುತು ಇರಲಿಲ್ಲ. ಸೋರಿಕೆಗೆ ಆಧಾರ ಸಿಗಲಿಲ್ಲ.

ಹಾಗೆಂದು ಪ್ರಶ್ನೆ ಕೇಳಿದ ರೈತರು ತಪ್ಪು ಮಾಡಿದರೆನ್ನಲಾಗದು. ಅನಿಲ ತುಂಬುವ ಮೊದಲೇ ಸುತ್ತಲಿನ ಪ್ರತಿ ಬಾವಿಯ ನೀರನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ಪರೀಕ್ಷಿಸಿ, ವರದಿಯ ಪ್ರತಿಯನ್ನು ಬಾವಿಯ ಒಡೆಯನಿಗೆ ಕೊಡುವುದು ನ್ಯಾಯ. ರಸಸಾರವನ್ನು ಬಾವಿಯ ಬಳಿಯಲ್ಲೇ ಅಳೆಯಬೇಕು. ಸೀಸೆಯಲ್ಲಿ ಪ್ರಯೋಗಾಲಯಕ್ಕೆ ಒಯ್ಯುವಷ್ಟರಲ್ಲಿ ಅನಿಲ ಹಾರಿಹೋಗಿ ಹುಳಿ ನೀರೂ ಸಪ್ಪೆಯಾಗಿ ಕಾಣುತ್ತದೆ.